ಮಾಯಮ್ಮನಿಗೆ ಕೊಡಬೇಕಾಗಿದ್ದ ಹೂವು

ದೀಪ ಸಣ್ಣದು ಮಾಡಿ. ಆರಿಸಬೇಡಿ… ಸಣ್ಣದು ಮಾಡಿ ಅಂದೆ. ಬಾಗಿಲಿಗೆ ಅಗುಳಿ ಹಾಕಿದ್ದೀರಾ? ಸರಿ. ನಡುವೆ ಯಾರೂ ಮಾತಾಡಬಾರದು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ದೆವ್ವದ ಮಾತೆತ್ತಿದರೆ ಮೊಣಕಾಲೂರಿಸಿ ನಿಲ್ಲಿಸುತ್ತಿದ್ದರು. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಬೇರೆಯಾಗಿ ಹೇಳಬೇಕೆಂದು ಕಲಿತದ್ದೂ ಅಲ್ಲಿಯೇ. ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಒಂದೇ ವಸ್ತು. ಅದು ಕೊನೆಗೆ ಬರುತ್ತದೆ. ಉಳಿದದ್ದು ಗೋದಮ್ಮ ಹೇಳಿದ್ದು. ಗೋದಮ್ಮ ಕಟ್ಟಿ ಹೇಳುವ ಹೆಂಗಸಲ್ಲ. ಹಾಲು ಉಕ್ಕಿದರೆ ಉಕ್ಕಿತು ಎನ್ನುತ್ತಾಳೆ, ಅಷ್ಟೇ.

ಅವಳ ಗಂಡ ತಿರುನಾರಾಯಣ ನನ್ನ ಸೋದರಮಾವನ ಮಗ. ಹೊಳೇನರಸೀಪುರದವರು. ನಾನು ಭಾವ ಎಂದು ಕರೆಯುತ್ತಿದ್ದೆ. ಚನ್ನರಾಯಪಟ್ಟಣದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರಾಗಿದ್ದ. ಕರಿಯ ಕೋಟು, ಹಣೆಯಲ್ಲಿ ನಾಮ, ಹಿಂದೆ ಗಂಟು ಹಾಕಿದ ಜುಟ್ಟು. ಹುಡುಗರು ಅವನ ಮುಂದೆ ಕೆಮ್ಮಲೂ ಹೆದರುತ್ತಿದ್ದರು.

ಅರವತ್ತಮೂರನೆಯ ಇಸವಿ. ಮಾಗಿಯ ಚಳಿ. ತಂದೆಯ ತಿಥಿ ಮುಗಿಸಿಕೊಂಡು ಹೊಳೇನರಸೀಪುರದಿಂದ ಕೊನೆಯ ಬಸ್ಸಿಗೆ ಬಂದಿಳಿದ. ಮನೆಗೆ ಎರಡು ದಾರಿ. ಒಂದು ಪೇಟೆಯ ಸುತ್ತು. ಇನ್ನೊಂದು ಬಯಲಿನ ಅಡ್ಡದಾರಿ. ಹಿಂದೆ ಆ ಬಯಲಿನಲ್ಲಿ ನಾಟಕದ ಡೇರೆ ಹಾಕುತ್ತಿದ್ದರು. ನಡುವೆ ಒಂದು ಹೊಂಗೆ ಮರ. ಮರದ ಪಕ್ಕ ಬಾವಿ.

ಆ ಊರಿಗೆ ವರ್ಗವಾಗಿ ಬಂದ ಮೇಲೆ ಭಾವ ಒಂದು ದಿನವೂ ಆ ಬಯಲು ತುಳಿದಿರಲಿಲ್ಲ. ಅಂದು ಚಳಿ ಹೆಚ್ಚಿತ್ತು. ತುಳಿದ.

ಮೊದಲು ಕೇಳಿದ್ದು ರಾಟೆಯ ಸದ್ದು. ಕಿರ್ರ್… ಕಿರ್ರ್… ಹಗ್ಗ ಇಳಿಯುವಾಗ ರಾಟೆ ಬೇಗಬೇಗ ಕೂಗುತ್ತದೆ, ಏರುವಾಗ ನಿಧಾನ. ಇದು ಇಳಿಯುವ ಸದ್ದು. ಇಳಿಯಿತು… ಇನ್ನೂ ಇಳಿಯಿತು… ಇಳಿಯುತ್ತಲೇ ಇತ್ತು. ಅದು ಅಷ್ಟು ಆಳದ ಬಾವಿಯಲ್ಲ.

ಆಮೇಲೆ ತಂಬಿಗೆಗೆ ನೀರು ತುಂಬುವ ಸದ್ದು. ಬುಡ್… ಬುಡ್… ಬುಡ್…

ಆಮೇಲೆ, ಹತ್ತಿರದಲ್ಲೇ, ಗೆಜ್ಜೆ. ಕುಣಿಯುವ ಗೆಜ್ಜೆಯಲ್ಲ. ನಿಂತು ನಿಂತು ಕಾಲು ನೋಯುವವರು ಭಾರ ಬದಲಿಸಿದಾಗ ಆಗುವಷ್ಟು. ಝಲ್…

"ರಾಣಿಯೋರೇ."

ಭಾವ ನಿಂತ.

"ಊವ ಕೊಡಿ ರಾಣಿಯೋರೇ. ಕಾಲು ನೋಯ್ತವೆ."

"ಯಾರಮ್ಮ ಅದು?"

"ಗುರ್ತು ಸಿಗ್ನಿಲ್ವಾ?" ಪಿಸುದನಿ. "ಅಣೆ ಮ್ಯಾಲೆ ಗೆರೆ ಗೆರೆ ಎಳ್ಕಂಡು… ಈ ಯೇಸವೂ ಚೆನ್ನಾಗೇ ಒಪ್ತದೆ ಬುಡಿ."

"ನೀನು ಇನ್ಯಾರನ್ನೋ ಅಂದುಕೊಂಡಿದ್ದೀಯ. ನಾನು ಸ್ಕೂಲ್ ಮೇಷ್ಟರು."

"ಊಂ. ಅಂಗಾರೆ ನಾನೂ ಮಾಯಮ್ಮ ಅಲ್ಲ."

ನಕ್ಕಳು. ಮಾತು ಮರದ ಕಡೆಯಿಂದ ಬಂದಿತ್ತು. ನಗು ಬಾವಿಯೊಳಗಿಂದ ಬಂತು.

ಭಾವ ಓಡಿದ. ಮನೆ ಸೇರಿದಾಗ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಗೋದಮ್ಮ ಕೇಳಿದ್ದಕ್ಕೆ "ಚಳಿ, ಚಳಿ" ಎಂದ. ಬೆಳಗಾಗುವಾಗ ಜ್ವರ ಕಾಯುತ್ತಿತ್ತು.

ಗೋದಮ್ಮನಿಗೆ ಗೊತ್ತಿರದ ಸಂಗತಿ ಒಂದಿತ್ತು. ನೆಂಟರಲ್ಲಿ ನಮಗೆಲ್ಲ ಗೊತ್ತಿತ್ತು. ಅದನ್ನು ಬಾಯಿಬಿಡಬಾರದೆಂದು ಮಾವ ಎಲ್ಲರಿಂದ ಮಾತು ತೆಗೆದುಕೊಂಡಿದ್ದರು. ಭಾವ ಹತ್ತೊಂಬತ್ತರ ವಯಸ್ಸಿನಲ್ಲಿ ಮನೆ ಬಿಟ್ಟು ಪುಟ್ಟರಾಜು ಎಂಬಾತನ ನಾಟಕ ಕಂಪನಿ ಸೇರಿದ್ದ. ಅಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದ. ಹೌದು, ರಾಣಿಯದೇ. ಆಗಿನ್ನೂ ಗಂಡಸರು ಹೆಣ್ಣುಪಾತ್ರ ಕಟ್ಟುವುದು ಹೋಗಿರಲಿಲ್ಲ. ಸೊಂಟದವರೆಗೆ ಕೂದಲು ಬೆಳೆಸಿದ್ದ. ಕಟ್ಟುಗೂದಲಿನ ಟೋಪನ್ ಬೇಕಾಗಿರಲಿಲ್ಲ. ತನ್ನ ಮುಡಿಗೆ ತಾನೇ ಹೂವು ಮುಡಿಯುತ್ತಿದ್ದ.

ನಾಟಕದ ಮುಖ್ಯ ನೋಟ ಇದು. ಗಂಡನನ್ನು ಕಳೆದುಕೊಂಡ ರಾಣಿ ಕಾಡಿನಲ್ಲಿ ಒಂದು ಬಾವಿಯ ಕಟ್ಟೆಯ ಮೇಲೆ ಕೂತು ಅಳುತ್ತಾಳೆ. "ಎಲ್ಲಿ ಹೋದೆಯೋ ಪ್ರಾಣನಾಥ" ಎಂದು ಹಾಡು. ಜನ ಅಳುತ್ತಿದ್ದರು. ಅವಳು ಹಾಡಿ ಪಕ್ಕಕ್ಕೆ ಸರಿದ ಕೂಡಲೇ ದಾಸಿ ಬರುತ್ತಾಳೆ. ಅದೇ ಕಟ್ಟೆ. ಅದೇ ರಾಗ. ಅದೇ ಸೆರಗು ಕಚ್ಚುವ ರೀತಿ. ಆದರೆ ಅವಳು ಅಳುವುದು ಬಾವಿಗೆ ಬಿದ್ದ ತಂಬಿಗೆಗಾಗಿ.

ಎಲ್ಲೋದ್ಯೋ ನನ್ ತಾಮ್ರದ ತಂಬಿಗೆ
ತಳ ತೂತಾದ್ರೂ ನೀನೇ ನಂಗೆ…

ಒಂದು ಗಳಿಗೆಯ ಹಿಂದೆ ಕಣ್ಣೊರೆಸಿಕೊಂಡ ಜನ ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಡೇರೆಯ ಗೂಟಗಳು ಅಲ್ಲಾಡುತ್ತಿದ್ದವಂತೆ. ಆ ದಾಸಿಯೇ ಮಾಯಮ್ಮ.

ಅವಳಪ್ಪ ಮೂಡಲಪಾಯದ ಬಯಲಾಟದಲ್ಲಿ ಕೋಡಂಗಿ. ರಾಜ ಒಡ್ಡೋಲಗದಲ್ಲಿ ಕೂತರೆ ಅವನೆದುರೇ ರಾಜನ ನಡಿಗೆ ನಡೆದು ತೋರಿಸುವ ಕೆಲಸ. ದೊಡ್ಡವರನ್ನು ಅಣಕಿಸಿದ ಮೇಲೆ ಅವರ ಕಾಲಿಗೆ ಬಿದ್ದೇ ವೇಷ ಇಳಿಸಬೇಕೆಂಬುದು ಅವರ ಕಟ್ಟಳೆ. ಮಾಯಮ್ಮ ಅದನ್ನು ಕಂಪನಿಗೂ ತಂದಿದ್ದಳು. ಅಣಕದ ಹಾಡು ಮುಗಿದ ಮೇಲೆ ರಂಗದ ಮೇಲೆಯೇ ರಾಣಿಯ ಕಡೆಗೆ ತಿರುಗಿ, ಕೈಮುಗಿದು, "ತಪ್ಪಾಯ್ತು ತಾಯಿ" ಎನ್ನುವಳು. ರಾಣಿ ತನ್ನ ಮುಡಿಯಿಂದ ಒಂದು ಹೂವು ತೆಗೆದು ಅವಳ ಕೈಗೆ ಹಾಕಿ ಹೇಳಬೇಕು: "ನಕ್ಕಿತು ಊರು, ನೊಂದಿಲ್ಲ ನಾನು. ಹೋಗು ಮಗಳೇ, ವೇಷ ಇಳಿಸು." ಆಮೇಲೆಯೇ ಅವಳು ಗೆಜ್ಜೆ ಬಿಚ್ಚುತ್ತಿದ್ದಳು. ಹೂವು ಸಿಗದೆ ಬಿಚ್ಚಿದರೆ ವೇಷ ಮೈ ಬಿಡುವುದಿಲ್ಲ ಎಂಬ ನಂಬಿಕೆ.

ಐವತ್ತಮೂರರಲ್ಲಿ ಕಂಪನಿ ಇದೇ ಚನ್ನರಾಯಪಟ್ಟಣದ ಬಯಲಿನಲ್ಲಿ ಬೀಡುಬಿಟ್ಟಿತ್ತು. ಮಾವನಿಗೆ ಸುದ್ದಿ ಮುಟ್ಟಿತು. ಒಂದು ರಾತ್ರಿ ಮೂರು ಜನ ನೆಂಟರನ್ನು ಕಟ್ಟಿಕೊಂಡು ಪರದೆಯ ಹಿಂದೆ ಬಂದರು. ರಾಣಿಯ ಹಾಡು ಮುಗಿದಿತ್ತು. ಮಾಯಮ್ಮ ತಂಬಿಗೆಯ ಹಾಡು ಹಾಡುತ್ತಿದ್ದಳು. ಭಾವನನ್ನು ಸೀರೆಯಲ್ಲೇ, ಬಣ್ಣದಲ್ಲೇ ಎಳೆದು ಮೋಟಾರಿಗೆ ಹತ್ತಿಸಿದರು. ಒಂದೇ ಒಂದು ಕ್ಷಣ ಬಿಡಿ, ಹೂವು ಕೊಟ್ಟು ಬರುತ್ತೇನೆ ಎಂದು ಭಾವ ಬೇಡಿಕೊಂಡನಂತೆ. ಮಾವನಿಗೆ ಆ ಮಾತು ಅರ್ಥವಾಗಲಿಲ್ಲ. ಬೇರೆಯೇ ಅರ್ಥ ಮಾಡಿಕೊಂಡು ಕೆನ್ನೆಗೆ ಹೊಡೆದರು. ಮರುದಿನ ಕ್ಷೌರದವನು ಬಂದು ಆ ಕೂದಲನ್ನೆಲ್ಲ ಇಳಿಸಿ ಜುಟ್ಟು ಮಾತ್ರ ಬಿಟ್ಟ.

ಮಾಯಮ್ಮ ಹಾಡು ಮುಗಿಸಿ, ಕೈಮುಗಿದು ತಿರುಗಿದಳು. ಅಲ್ಲಿ ರಾಣಿ ಇರಲಿಲ್ಲ.

ಆಮೇಲೆ ನಡೆದದ್ದನ್ನು ಭಾವನಿಗೆ ಹೇಳಿದವನು ಬೋರಪ್ಪ. ಹಿಂದೆ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನು. ಈಗ ಬಸ್ ಸ್ಟ್ಯಾಂಡಿನ ಮುಂದೆ ಕಡಲೆಕಾಯಿ ಹುರಿಯುತ್ತಿದ್ದ. ಅಷ್ಟು ದಿನ ಭಾವ ಅವನನ್ನು ಗುರುತಿಸದವನಂತೆ ನಡೆದುಹೋಗಿದ್ದ. ಬೋರಪ್ಪನೂ ಹಾಗೆಯೇ ಇದ್ದ. ಜ್ವರ ಇಳಿದ ಮೇಲೆ, ಹಾಡುಹಗಲಿನಲ್ಲಿ, ಭಾವ ಅವನ ಒಲೆಯ ಮುಂದೆ ಹೋಗಿ ನಿಂತ.

"ಬೋರಪ್ಪ."

"ಯೋಳಿ ಸಾ. ಎಷ್ಟಕ್ಕೆ ಕಟ್ಲಿ?"

"ಮಾಯಮ್ಮ ಎಲ್ಲಿದ್ದಾಳೆ?"

ಬೋರಪ್ಪ ಮರಳಿನಲ್ಲಿ ಕಡಲೆಕಾಯಿ ತಿರುವುತ್ತಲೇ ಇದ್ದ. "ಈಗ ಬಂತಾ ಗೆಪ್ತಿ?"

"ಹೇಳು."

"ನೀವು ಓದ್ರಲ್ಲ ಅವತ್ತು… ಅವಳು ಕೈ ಮುಗ್ಕಂಡು ನಿಂತೇ ಇದ್ಲು ಸಾ. ಜನ ಇನ್ನೂ ನಗ್ತಾ ಅವ್ರೆ. ಅದೂ ಆಟ ಅಂದ್ಕಂಡ್ರು. ನಾನೇ ಪರದೆ ಬುಟ್ಟೆ. ಪರದೆ ಹಿಂದ್ಗಡೆನೂ ನಿಂತೇ ಇದ್ಲು."

"ಆಮೇಲೆ?"

"ಆಮ್ಯಾಕೇನು. ಇನ್ನೊಬ್ರು ರಾಣಿ ಸಿಕ್ನಿಲ್ಲ. ಟೆಂಟ್ ಸಿನಿಮಾ ಬಂತು, ಜನ ಅತ್ಲಾಗೆ ಓದ್ರು. ಪುಟ್ಟರಾಜಪ್ಪ ಅಂದ, ಅಳೋದು ಯಾರಿಗೆ ಬೇಕು, ನಗ್ಸೋದೊಂದೇ ಸಾಕು ಅಂತ. ರಾಣಿ ಇಲ್ದೆ ಅಣಕ ಯಾರ್ದು ಮಾಡ್ತೀಯಾ? ಅದೂ ಓಯ್ತು. ಆಮ್ಯಾಕೆ ರೆಕಾರ್ಡ್ ಡ್ಯಾನ್ಸು. ಪ್ಲೇಟು ಆಡ್ತದೆ, ಇವಳು ಕುಣೀಬೇಕು. ಬಾಯಿ ಬ್ಯಾಡ, ಮೈ ಒಂದಿದ್ರೆ ಸೈ. ವರ್ಸಾ ವರ್ಸಾ ಸೀರೆ ಗೇಣು ಗೇಣು ಮ್ಯಾಕೆ." ಒಲೆಗೆ ಒಂದು ಕಡ್ಡಿ ತಳ್ಳಿದ. "ಅವಳು ಒಂದೇ ಮಾತು ಅಂತಿದ್ಲು. ನಗೋರು ಬ್ಯಾರೆ ಕಣ್ ಬೋರಣ್ಣ, ಶಿಳ್ಳೆ ಒಡ್ಯೋರು ಬ್ಯಾರೆ."

"ಈಗೆಲ್ಲಿದ್ದಾಳೆ?"

"ಕೊಣನೂರಲ್ಲಿ, ಸಂತೆ ದಿನ. ದಸರಾ ಕಳೆದ ಮ್ಯಾಲೆ. ಮೈ ಸುಡ್ತಿತ್ತು, ಕುಣಿದ್ಲು. ಬಿದ್ಬುಟ್ಲು. ಪ್ಲೇಟು ತಿರುಗ್ತಾನೇ ಇತ್ತು ಸಾ. ಅವ್ರು ಶಿಳ್ಳೆ ಒಡೀತಾನೇ ಇದ್ರು. ಬಿದ್ದಿದ್ದೂ ಡ್ಯಾನ್ಸು ಅಂತ." ಬೋರಪ್ಪನ ಕೈ ನಿಂತಿತು. "ಹೊಳೆ ದಡದಾಗೆ ಮಣ್ಣು ಮಾಡಿದ್ವಿ. ನಾನೇ ಗೆಜ್ಜೆ ಬಿಚ್ಚಕ್ಕೋದೆ. ಗಂಟು ಬಿಡ್ನಿಲ್ಲ. ಕುಯ್ಯಕ್ಕೆ ಮನ್ಸು ಬರ್ನಿಲ್ಲ. ಅಂಗೇ ಮುಚ್ಚಿದ್ವಿ. ಅದಾದ್ಮ್ಯಾಕೆ ನಾನು ಕಂಪನಿ ಬುಟ್ಟೆ."

ಕೊಣನೂರು ಎಲ್ಲಿ, ಚನ್ನರಾಯಪಟ್ಟಣ ಎಲ್ಲಿ. ನೀವೇ ಯೋಚಿಸಿ.

ಭಾವ ಅಂದು ಸಂಜೆ ಪೇಟೆಯಲ್ಲಿ ಒಂದು ಮೊಳ ಕನಕಾಂಬರ ಕೊಂಡ. ಕತ್ತಲಾದ ಮೇಲೆ ಬಯಲಿಗೆ ಹೋದ. ರಾಟೆ ಕೂಗುತ್ತಿರಲಿಲ್ಲ. ಪೊಟ್ಟಣ ಬಿಚ್ಚಿ ಬಾವಿಯ ಕಟ್ಟೆಯ ಮೇಲಿಟ್ಟ. "ತೆಗೆದುಕೋ ಮಾಯಮ್ಮ," ಎಂದ.

ಝಲ್…

"ಇದು ಮಾರೋ ಊವು," ಎಂದಿತು ಪಿಸುದನಿ. ಕೋಪವಿರಲಿಲ್ಲ. ಬಹಳ ದಣಿದಿತ್ತು. "ಮುಡಿದಿದ್ದು ಬೇಕು ರಾಣಿಯೋರೇ. ಕೊಳ್ಳಂಗಿದ್ರೆ ನಾನೇ ಕೊಳ್ತಿರ್ನಿಲ್ವಾ?"

ಭಾವ ಹೂವನ್ನು ಮತ್ತೆ ಪೊಟ್ಟಣಕ್ಕೆ ಹಾಕಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಮನೆಯಲ್ಲಿ ಗೋದಮ್ಮ ಕೋಟನ್ನು ಗೂಟಕ್ಕೆ ಹಾಕಲು ಹೋದಳು. ಪೊಟ್ಟಣ ಬಿತ್ತು.

ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಏನೂಂದ್ರೆ, ಇದು ಯಾರಿಗೆ ತಂದಿದ್ದು?"

"ಗೋದಾ…"

"ನನಗಲ್ಲ. ನನಗಾಗಿದ್ರೆ ಕೈಗೆ ಕೊಡ್ತಿದ್ರಿ. ಒಂದು ವಾರದಿಂದ ನೋಡ್ತಿದ್ದೀನಿ. ನಿದ್ದೆಯಲ್ಲಿ ಯಾರದೋ ಹೆಸರು ಹೇಳ್ತೀರ. ಮಾಯಮ್ಮ ಯಾರು?"

ನೋಡಿ, ಸುಳ್ಳು ಹೇಳಿ ಪಾರಾಗಬಹುದಿತ್ತು. ಗೋದಮ್ಮನ ತಂದೆ ಮೇಲುಕೋಟೆಯ ಕಡೆಯ ಘನ ವೈದಿಕರು. ಅಳಿಯ ಸೀರೆ ಉಟ್ಟು ಕುಣಿದವನೆಂದು ತಿಳಿದರೆ ಮಗಳನ್ನು ಅಂದೇ ಕರೆದುಕೊಂಡು ಹೋಗುವವರು. ಸ್ಕೂಲಿನಲ್ಲಿ ತಲೆ ಎತ್ತುವಂತಿಲ್ಲ. ಇಷ್ಟನ್ನೂ ಬಲ್ಲವನು ಭಾವ. ಆದರೂ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಹೇಳಿದ. ಬಯಲಿನಲ್ಲಿ ಕೇಳಿದ್ದನ್ನೂ ಹೇಳಿದ.

"ಸೀರೆ ಉಡ್ತಿದ್ರಾ?" ಎಂದಳು ಗೋದಮ್ಮ.

"ಹೂಂ."

"ಯಾವ ಬಣ್ಣದ್ದು?"

"ಗಿಳಿಹಸಿರು."

"ನೆರಿಗೆ ಯಾರು ಹಿಡೀತಿದ್ರು?"

"ನಾನೇ."

"ನನಗೆ ಇವತ್ತಿಗೂ ಸಮನಾಗಿ ಬರಲ್ಲ," ಎಂದಳು ಗೋದಮ್ಮ. ಪೊಟ್ಟಣ ಎತ್ತಿಕೊಂಡಳು. ಕನಕಾಂಬರ ಬಾಡಿತ್ತು. ಅದನ್ನು ಬದಿಗಿಟ್ಟು, ತನ್ನ ತಲೆಯಿಂದ ಮಲ್ಲಿಗೆಯ ದಂಡೆ ತೆಗೆದಳು. "ತಲೆ ಬಗ್ಗಿಸಿ."

"ಗೋದಾ, ಬೇಡ…"

"ಮುಡಿದ ಹೂವು ಬೇಕು ಅಂದಳಲ್ಲ ಅವಳು? ಬಗ್ಗಿಸಿ ಅಂದೆ. ಇಷ್ಟೇ ಇಷ್ಟು ಜುಟ್ಟು, ಹೇಗೆ ನಿಲ್ಲುತ್ತೋ ಕಾಣೆ."

ತನ್ನ ಕೂದಲಿನ ಪಿನ್ನನ್ನೇ ತೆಗೆದು ಸಿಕ್ಕಿಸಿದಳು.

ಇಬ್ಬರೂ ಹೊರಟರು. ಗೋದಮ್ಮನ ಕೈಯಲ್ಲಿ ಲಾಟೀನು. ಹೊಂಗೆ ಮರದ ಬಳಿ ಬರುವಾಗ ಅದು ಆರಿತು. ಗಾಳಿ ಇರಲಿಲ್ಲ. ಅವಳು ಮರದ ಹಿಂದೆ ನಿಂತಳು. ಭಾವ ಬಾವಿಯ ಕಟ್ಟೆಯ ಮೇಲೆ ಕೂತ. ತಲೆಯ ಮೇಲೆ ಶಾಲು ಹೊದ್ದು, ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿದ. ಆ ಕೂರುವಿಕೆಯಲ್ಲೇ ಅವನು ಬೇರೆಯವನಾದ ಎನ್ನುತ್ತಾಳೆ ಗೋದಮ್ಮ. ಮದುವೆಯಾಗಿ ಏಳು ವರ್ಷ ತಾನು ನೋಡದೇ ಇದ್ದ ಯಾರೋ ಅಲ್ಲಿ ಕೂತಿದ್ದರಂತೆ.

ಹಾಡಿದ. "ಎಲ್ಲಿ ಹೋದೆಯೋ ಪ್ರಾಣನಾಥ…" ದನಿ ಒಡೆದಿತ್ತು. ಹತ್ತು ವರ್ಷ ಹಾಡದ ದನಿ. ಆದರೂ ಹಾಡಿ ಮುಗಿಸಿದ. ಎದ್ದು ಪಕ್ಕಕ್ಕೆ ಸರಿದು ನಿಂತ.

ಏನೂ ಆಗಲಿಲ್ಲ.

ಆಮೇಲೆ… ಝಲ್, ಝಲ್, ಝಲ್. ಹೆಜ್ಜೆ ಎತ್ತೆತ್ತಿ ಹಾಕುವ ನಡಿಗೆ, ಬೇಕೆಂದೇ ಸೊಟ್ಟಾದದ್ದು. ಕಟ್ಟೆಯ ಮೇಲೆ ದೊಪ್ಪನೆ ಕೂತ ಸದ್ದು. ಮೂಗೊರೆಸಿದ ಸದ್ದು, ಸೊರ್ರ್ ಎಂದು, ಸೆರಗಿನಲ್ಲಿ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬರಿಯ ಕಲ್ಲುಕಟ್ಟೆ, ಬೆಳದಿಂಗಳು.

ಎಲ್ಲೋದ್ಯೋ ನನ್ ತಾಮ್ರದ ತಂಬಿಗೆ
ತಳ ತೂತಾದ್ರೂ ನೀನೇ ನಂಗೆ
ಆಲು ಉಯ್ದ್ರೆ ಸೋರೋದ್ಯಲ್ಲೋ
ನೀರು ಉಯ್ದ್ರೆ ಜಾರೋದ್ಯಲ್ಲೋ
ಒಂದಿನಾನೂ ಬೈದಿದ್ನೇನೋ…

ಗೋದಮ್ಮ ಹುಟ್ಟಿದ ಮೇಲೆ ಒಂದೂ ನಾಟಕ ನೋಡಿದವಳಲ್ಲ. ಹೆದರಿ ಮರ ತಬ್ಬಿಕೊಂಡು ನಿಂತಿದ್ದಳು. ಗಂಡನ ಅಳು ಇನ್ನೂ ಕಿವಿಯಲ್ಲಿತ್ತು. ಅದೇ ರಾಗದಲ್ಲಿ ಈ ತೂತು ತಂಬಿಗೆ… ತಡೆಯಲಾಗಲಿಲ್ಲ. ನಗು ಬಂದುಬಿಟ್ಟಿತು. ಬಾಯಿಗೆ ಸೆರಗು ಒತ್ತಿಕೊಂಡಳು. ಆದರೂ ನುಗ್ಗಿ ಹೊರಗೆ ಬಂತು. ಆ ಬಯಲಿನಲ್ಲೆಲ್ಲ ಕೇಳುವ ಹಾಗೆ ನಕ್ಕಳು.

ಹಾಡು ನಿಂತಿತು.

"ಯಾರೋ ನಕ್ರು," ಎಂದಿತು ಪಿಸುದನಿ.

"ನನ್ನ ಹೆಂಡತಿ," ಎಂದ ಭಾವ.

"ನಕ್ರಲ್ಲಾ… ಮೈಗಲ್ಲ, ಬಾಯಿಗೆ ನಕ್ರಲ್ಲಾ ರಾಣಿಯೋರೇ…"

ಆಮೇಲೆ ಬಹಳ ಹೊತ್ತು ಒಂದು ಸದ್ದು ಕೇಳಿತಂತೆ. ಅದು ಅಳುವೋ ಉಸಿರೋ ಗೋದಮ್ಮನಿಗೆ ಗೊತ್ತಾಗಲಿಲ್ಲ. ಅವಳೂ ಅಷ್ಟು ಹೊತ್ತಿಗೆ ಅಳುತ್ತಿದ್ದಳು.

"ತಪ್ಪಾಯ್ತು ತಾಯಿ."

ಭಾವ ಜುಟ್ಟಿಗೆ ಕೈ ಹಾಕಿ ಒಂದು ಮಲ್ಲಿಗೆ ಬಿಡಿಸಿಕೊಂಡ. ಕೈ ಚಾಚಿದ. "ನಕ್ಕಿತು ಊರು…" ಎಂದ. ಮುಂದಿನ ಮಾತು ಬರಲಿಲ್ಲ. ಮತ್ತೆ "ನಕ್ಕಿತು ಊರು…" ಎಂದ.

"ನೊಂದಿಲ್ಲ ನಾನು," ಎಂದು ಅವಳೇ ಹೇಳಿಕೊಟ್ಟಳು, ಪರದೆಯ ಹಿಂದಿನಿಂದ ಮಾತು ಎತ್ತಿಕೊಡುವವರ ಹಾಗೆ. "ಬ್ಯಾಗ ಯೋಳಿ ರಾಣಿಯೋರೇ, ಜನ ಕಾಯ್ತವ್ರೆ."

"ನೊಂದಿಲ್ಲ ನಾನು," ಎಂದ ಭಾವ. ಅವನ ಬಾಯಿಂದ ಗೋದಮ್ಮ ಕೇಳಿದ ಸುಳ್ಳು ಅದೊಂದೇ. "ಹೋಗು ಮಗಳೇ. ವೇಷ ಇಳಿಸು."

ಕೈಯಲ್ಲಿದ್ದ ಹೂವು ಕೆಳಗೆ ಬೀಳಲಿಲ್ಲ. ಕೈಯಲ್ಲೂ ಉಳಿಯಲಿಲ್ಲ.

ಭಾವ ಅದಾದ ಮೇಲೆ ಹಾಡಲಿಲ್ಲ. ಗೋದಮ್ಮ ಎಷ್ಟೋ ಸಲ ಕೇಳಿಕೊಂಡಳು, ಮನೆಯಲ್ಲೇ, ಬಾಗಿಲು ಹಾಕಿಕೊಂಡು, ನನ್ನೊಬ್ಬಳಿಗೇ ಎಂದು. "ಅಣಕಿಸೋರಿಲ್ಲದೆ ಹೇಗೆ ಹಾಡಲಿ ಗೋದಾ," ಎನ್ನುತ್ತಿದ್ದನಂತೆ.

ಈಗ ನಾನು ಕಂಡದ್ದು.

ಆ ರಾತ್ರಿಯ ಮರುದಿನ ಬೆಳಗಿನ ಬಸ್ಸಿಗೆ ನಾನು ಹಾಸನದಿಂದ ಅವರ ಮನೆಗೆ ಬಂದೆ. ಭಾವನಿಗೆ ಜ್ವರ ಎಂದು ತಿಳಿದಿತ್ತು. ಬಯಲಿನ ದಾರಿಯಲ್ಲೇ ಬಂದೆ. ಬಾವಿಯ ಸುತ್ತ ಹೆಂಗಸರು ನಿಂತಿದ್ದರು. ಮುದ್ದಮ್ಮ ಎಂಬವಳ ಬಿಂದಿಗೆ ಬಾವಿಗೆ ಬಿದ್ದಿತ್ತು. ಅದನ್ನೆತ್ತಲು ಪಾತಾಳಗರಡಿ ಇಳಿಬಿಟ್ಟಿದ್ದರು. ಆ ಕೊಕ್ಕೆಗಳಿಗೆ ಬಿಂದಿಗೆ ಸಿಗಲಿಲ್ಲ. ಒಂದು ಜೊತೆ ಗೆಜ್ಜೆ ಬಂತು. ಹೆಂಗಸರು ಹಿಂದೆ ಸರಿದರು. ನಾಟಕದವನಾಗಿದ್ದನಲ್ಲ, ಗುರುತು ಸಿಕ್ಕೀತು ಎಂದು ಯಾರೋ ಓಡಿಹೋಗಿ ಬಸ್ ಸ್ಟ್ಯಾಂಡಿನಿಂದ ಬೋರಪ್ಪನನ್ನು ಕರೆತಂದರು. ಅವನು ನೋಡಿ, ಅಲ್ಲೇ ನೆಲದ ಮೇಲೆ ಕೂತ.

"ಗಂಟು ಬಿಚ್ಕಂಡದೆ," ಎಂದ.

ನಾನು ಗೆಜ್ಜೆಯನ್ನು ಕೈಗೆ ತೆಗೆದುಕೊಂಡೆ. ನನಗೆ ಭಯವಿರಲಿಲ್ಲ. ಬಯಲಿನಲ್ಲಿ ನಡೆದದ್ದು ಆಗಿನ್ನೂ ನನಗೆ ಗೊತ್ತಿರಲಿಲ್ಲ. ಹಗ್ಗ, ಗರಡಿ, ಕೊಕ್ಕೆ ಎಲ್ಲದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಗೆಜ್ಜೆಯನ್ನು ಅಂಗೈ ಮೇಲೆ ಕೊಡವಿದೆ. ಮರಳು ಉದುರಿತು. ಹೊಳೆಯ ಮರಳು, ಬಿಳಿಯದು, ನುಣ್ಣನೆಯದು. ಆ ಊರಿನದು ಕೆಂಪು ಮಣ್ಣು.

ಮರಳು ಒಣಗಿತ್ತು.

ನಾನೇ ಮುಟ್ಟಿ ನೋಡಿದೆ. ಈ ಕೈಯಿಂದ.